ಬೆಂಗಳೂರು ಇನ್ನೂ ನೋಡಿಲ್ಲದ ಏಳು ಡಿಗ್ರಿ: ಹಿಮದ ಟೈರ್‌ನ ಕಥೆ

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕ್ಕೊಂಡು ಇದನ್ನ ಕೇಳ್ತಿರೋರಿಗೂ, ಯಶವಂತಪುರದಲ್ಲಿ ಮೆಟ್ರೋಗೆ ಕಾಯ್ತಾ ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ಕಥೆ ಶುರುವಾಗಿದ್ದು ಒಂದು ವಾಟ್ಸಾಪ್ ಕಾಲ್‌ನಿಂದ. ನನ್ನ ತಮ್ಮ ಓದೋಕೆ ಅಂತ ಕೆನಡಾದ ಮಾಂಟ್ರಿಯಲ್‌ಗೆ ಹೋಗಿದ್ದಾನೆ. ಹುಟ್ಟಿ ಬೆಳೆದಿದ್ದೆಲ್ಲ ಯಲಹಂಕದಲ್ಲೇ. ನವೆಂಬರ್ ತಿಂಗಳ ಒಂದು ಬೆಳಗ್ಗೆ ಫೋನ್ ಮಾಡಿ, "ಅಕ್ಕ, ಒಂದು ಹಳೇ ಕಾರ್ ಸಿಕ್ಕಿದೆ. ಟೈರ್ ಮೇಲೆ ಆಲ್ ಸೀಸನ್ ಅಂತ ಬರ್ದಿದೆ. ಎಲ್ಲಾ ಸೀಸನ್‌ಗೂ ಆಗುತ್ತೆ ಅಂತ ತಾನೇ ಅರ್ಥ? ಬೇರೆ ಟೈರ್‌ಗೆ ಯಾಕೆ ದುಡ್ಡು ದಂಡ?" ಅಂದ. ಪಕ್ಕದಲ್ಲಿದ್ದ ಅಮ್ಮ, "ಕಾರೇ ಬೇಡ, ಬಸ್ಸಲ್ಲೇ ಓಡಾಡು ಅನ್ನು ಅವನಿಗೆ" ಅಂದ್ರು.

ನಂಗೆ ನಗು ಬರ್ಲಿಲ್ಲ. ಯಾಕಂದ್ರೆ ಕೆಲವು ವರ್ಷಗಳ ಹಿಂದೆ ಆಂಟಾರಿಯೊದಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಮೊದಲ ಹಿಮ ಬಿದ್ದ ದಿನ, ಒಂದು ಸಿಗ್ನಲ್ ಹತ್ರ ಬ್ರೇಕ್ ಒತ್ತಿದೆ. ಚಕ್ರ ನಿಂತ್ವು, ಕಾರ್ ನಿಲ್ಲಲಿಲ್ಲ. ತಳ್ಳುಗಾಡಿ ಹಿಡ್ಕೊಂಡು ರಸ್ತೆ ದಾಟ್ತಿದ್ದ ಒಬ್ಬ ಅಜ್ಜಿ ಸರಕ್ಕನೆ ಹಿಂದಕ್ಕೆ ಸರಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಆ ಅಜ್ಜಿಯ ಮುಖ ಇವತ್ತಿಗೂ ಮರೆತಿಲ್ಲ.

ಅವತ್ತು ನಂಗೆ ಗೊತ್ತಿಲ್ಲದೇ ಇದ್ದ ಒಂದು ಸಂಖ್ಯೆ ಇದೆ: 7 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಟೈರ್‌ನ ರಬ್ಬರ್ ಸುಮಾರು ಈ ಮಟ್ಟದಿಂದ ಕೆಳಗೆ ಬಿಗಿಯಾಗ್ತಾ ಹೋಗುತ್ತೆ, ರಸ್ತೆ ಮೇಲಿನ ಹಿಡಿತ ಕಡಿಮೆ ಆಗುತ್ತೆ. ಹಿಮವೇ ಬೀಳಬೇಕು ಅಂತಿಲ್ಲ, ಬರೀ ಚಳಿ ಸಾಕು. ಈಗ ಮಜಾ ನೋಡಿ. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದೂ 1884ರ ಜನವರಿ 13ರಂದು! ಅಂದ್ರೆ ನಮ್ಮೂರು ಆ ಗೆರೆಯ ಹತ್ರ ಹೋಗಿ, ಮುಟ್ಟದೆ ವಾಪಸ್ ಬಂದಿದೆ. ಆರ್‌ಟಿ ನಗರದ ಟೈರ್ ಅಂಗಡಿಯಲ್ಲಿ ಹಿಮದ ಟೈರ್ ಕೇಳಿದ್ರೆ ನಗೋದು ಸಹಜವೇ.

ರಬ್ಬರ್‌ಗೂ ಚಳಿಗೂ ಇರೋ ಜಗಳ ಕಾರಿಗಿಂತ ಹಳೇದು. 1830ರ ದಶಕದ ಅಮೆರಿಕದಲ್ಲಿ ರಬ್ಬರ್ ಬೂಟು, ಕೋಟು ಮಾಡೋ ಕಂಪನಿಗಳು ಎದ್ದು ಬಿದ್ದಿದ್ದೇ ಇದರಿಂದ. ಬೇಸಿಗೆಯಲ್ಲಿ ಮಾಲು ಕರಗಿ ಅಂಟಾಗೋದು, ಚಳಿಗಾಲದಲ್ಲಿ ಸೆಟೆದು ಬಿರುಕು ಬಿಡೋದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸೋ ವಿಧಾನ ಕಂಡುಹಿಡಿದ. 1844ರಲ್ಲಿ ಪೇಟೆಂಟ್ ಸಿಕ್ತು. ಆಮೇಲೆ 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬೋ ಟೈರ್‌ಗೆ ಪೇಟೆಂಟ್ ತಗೊಂಡ. ರಬ್ಬರ್ ಬಾಳಿಕೆ ಬಂತು, ಟೈರೂ ಬಂತು. ಆದ್ರೆ ಹಿಮದ ಮೇಲೆ ಹಿಡಿತ ಬರ್ಲಿಲ್ಲ. ಜನ ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತಿ ಓಡಿಸ್ತಿದ್ರು.

ಉತ್ತರ ಬಂದಿದ್ದು ಫಿನ್‌ಲ್ಯಾಂಡ್‌ನಿಂದ. ಅಲ್ಲಿನ ಒಂದು ರಬ್ಬರ್ ಕಂಪನಿ 1934ರಲ್ಲಿ ಹಿಮದ ದಾರಿಗೆ ಅಂತಲೇ ಲಾರಿ ಟೈರ್ ಮಾಡಿತು. 1936ರಲ್ಲಿ ಕಾರಿಗೂ ಬಂತು, ಹೆಸರು ಲುಮಿ-ಹಕ್ಕಪೆಲಿಟ್ಟ. ಲುಮಿ ಅಂದ್ರೆ ಫಿನ್ನಿಷ್ ಭಾಷೆಯಲ್ಲಿ ಹಿಮ. ಹಕ್ಕಪೆಲಿಟ್ಟ ಅನ್ನೋದು 17ನೇ ಶತಮಾನದ ಫಿನ್ನಿಷ್ ಕುದುರೆ ಸವಾರ ಸೈನಿಕರ ಹೆಸರು. ಆ ಕಾರ್ಖಾನೆ ಇದ್ದ ಊರು ಯಾವುದು ಗೊತ್ತಾ? ನೋಕಿಯಾ! ಹೌದು, ನಮ್ಮ ಮನೆಯಲ್ಲಿ ಟಾರ್ಚ್ ಇರೋ ಫೋನ್ ಕೊಟ್ಟಿದ್ದ ಅದೇ ನೋಕಿಯಾ. 1967ರಲ್ಲಿ ಆ ಊರಿನ ಹೆಸರಿನ ಕಂಪನಿ, ಈ ರಬ್ಬರ್ ಕಂಪನಿ, ಒಂದು ಕೇಬಲ್ ಕಂಪನಿ ಮೂರೂ ಸೇರಿ ನೋಕಿಯಾ ಕಾರ್ಪೊರೇಷನ್ ಆಯ್ತು. 1988ರಲ್ಲಿ ಟೈರ್ ವಿಭಾಗ ಬೇರೆ ಕಂಪನಿಯಾಗಿ ಹೊರಬಂತು.

ಆಮೇಲೆ 1960ರ ದಶಕದಲ್ಲಿ ಮೊಳೆ ಟೈರ್‌ಗಳ ಕಾಲ. ರಬ್ಬರ್‌ನಲ್ಲೇ ಚಿಕ್ಕ ಚಿಕ್ಕ ಲೋಹದ ಮೊಳೆ ಕೂರಿಸೋದು. ಮಂಜುಗಡ್ಡೆ ಮೇಲೆ ಸೂಪರ್. ಆದ್ರೆ ಹಿಮ ಇಲ್ಲದ ಕಡೆ ಆ ಮೊಳೆಗಳು ರಸ್ತೆಯನ್ನೇ ಅರೆದು ಪುಡಿ ಮಾಡಿದ್ವು. ಜಪಾನ್‌ನ ಸೆಂಡೈಯಂಥ ಊರುಗಳಲ್ಲಿ ಡಾಂಬರು ಧೂಳು ಜನರ ಉಸಿರಿಗೇ ಕುತ್ತಾಯ್ತು. ಜನ ದನಿ ಎತ್ತಿದ್ರು, 1990ರಲ್ಲಿ ಜಪಾನ್ ಮೊಳೆ ಟೈರ್ ವಿರುದ್ಧ ಕಾನೂನೇ ತಂತು. ಅಷ್ಟೊತ್ತಿಗೆ, 1988ರಲ್ಲಿ, ಬ್ರಿಡ್ಜ್‌ಸ್ಟೋನ್ ಕಂಪನಿ ಬ್ಲಿಜ್ಜಾಕ್ ಅನ್ನೋ ಮೊಳೆ ಇಲ್ಲದ ಟೈರ್ ತಂದಿತ್ತು. ಮಂಜುಗಡ್ಡೆ ಜಾರೋದು ಅದರ ಮೇಲಿನ ತೆಳು ನೀರಿನ ಪೊರೆಯಿಂದ. ಈ ರಬ್ಬರ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳು, ಆ ನೀರನ್ನ ಸ್ಪಂಜಿನ ಥರ ಎಳ್ಕೊಳ್ಳುತ್ತೆ.

ಹಾಗಾದ್ರೆ ಹಿಮದ ಟೈರ್‌ನಲ್ಲಿ ಏನಿದೆ? ಒಂದು, ಚಳಿಯಲ್ಲೂ ಮೆತ್ತಗೆ ಉಳಿಯೋ ರಬ್ಬರ್. ಎರಡು, ಆಳವಾದ ಗೀರುಗಳು. ಅದರೊಳಗೆ ಹಿಮ ತುಂಬ್ಕೊಳ್ಳುತ್ತೆ, ಹಿಮಕ್ಕೆ ಹಿಮ ಅಂಟುತ್ತೆ. ಹಿಮದ ಉಂಡೆ ಕಟ್ಟೋಕಾಗೋದೂ ಅದಕ್ಕೇ. ಮೂರು, ಬ್ಲೇಡಲ್ಲಿ ಕೊಯ್ದ ಹಾಗಿರೋ ನೂರಾರು ಸಣ್ಣ ಸೀಳುಗಳು. ಇವು ಐಸ್ ಮೇಲೆ ಅಂಚು ಅಂಚಾಗಿ ಕಚ್ಚಿಕೊಳ್ಳುತ್ವೆ. ಇನ್ನೊಂದು ವಿಷಯ: ಟೈರ್‌ಗೆ ಬೇಕಾದ ಸಹಜ ರಬ್ಬರ್ ಬರೋದು ಹಿಮವನ್ನೇ ನೋಡದ ಮರದಿಂದ. ನಮ್ಮ ಸುಳ್ಯ, ಪುತ್ತೂರು ಕಡೆ ಬೆಳೆಯುತ್ತಲ್ಲ, ಅದೇ ಮರ.

ಈಗ ತಮ್ಮನ ಪ್ರಶ್ನೆಗೆ ಬರೋಣ. ಟೈರ್ ಪಕ್ಕದಲ್ಲಿ ಎಂ ಪ್ಲಸ್ ಎಸ್ ಅಂತ ಇದ್ರೆ ಅದು ಕೆಸರು ಮತ್ತು ಹಿಮಕ್ಕೆ ಅಂತ ಕಂಪನಿ ತಾನೇ ಹೇಳ್ಕೊಳ್ಳೋದು, ಗೀರುಗಳ ವಿನ್ಯಾಸ ನೋಡಿ ಅಷ್ಟೇ. ಹಿಮದಲ್ಲಿ ಪರೀಕ್ಷೆ ಆಗಿದೆ ಅನ್ನೋಕೆ ಬೇರೆ ಗುರುತಿದೆ: ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹೂವು. ಉತ್ತರ ಅಮೆರಿಕದಲ್ಲಿ 1999ರಲ್ಲಿ ಇದು ಜಾರಿಗೆ ಬಂತು. ಆಲ್ ಸೀಸನ್ ಅನ್ನೋ ಹೆಸರನ್ನ ನಂಬಬೇಡಿ, ಈ ಗುರುತು ಹುಡುಕಿ.

ಮಾಂಟ್ರಿಯಲ್ ಇರೋ ಕ್ವಿಬೆಕ್ ಪ್ರಾಂತ್ಯ ಇದನ್ನ ಜನರ ಇಷ್ಟಕ್ಕೆ ಬಿಟ್ಟಿಲ್ಲ. 2008ರಲ್ಲೇ, ಕೆನಡಾದಲ್ಲೇ ಮೊದಲು, ಹಿಮದ ಟೈರ್ ಕಡ್ಡಾಯ ಮಾಡಿತು. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಇಲ್ಲದೆ ಓಡಿಸಿದ್ರೆ ದಂಡ. ಪಕ್ಕದ ಆಂಟಾರಿಯೊ ಬೇರೆ ದಾರಿ ಹಿಡೀತು: ದಂಡ ಇಲ್ಲ, ಹಾಕಿದ್ರೆ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ. 2016ರಿಂದ ಎಲ್ಲ ಇನ್ಶೂರೆನ್ಸ್ ಕಂಪನಿಗಳೂ ಅದನ್ನ ಕೊಡಲೇಬೇಕು. ನನ್ನ ಅನುಭವ ಕೇಳಿದ್ರೆ, ನಂಗೆ ದಂಡದ ಭಯವೇ ಬೇಕಿತ್ತು. ರಿಯಾಯಿತಿ ಬಿಟ್ಟುಕೊಡೋದು ಸುಲಭ, ಅವತ್ತು ನಾನು ಬಿಟ್ಟುಕೊಟ್ಟೆ.

ಇಷ್ಟೆಲ್ಲ ಹೇಳಿದ ಮೇಲೆ ತಮ್ಮ ಇನ್ನೊಂದು ಕಾರ್ ನೋಡಿ ಫೋಟೋ ಕಳಿಸಿದ. ಬೆಟ್ಟ ಇದೆ, ಹಿಮದ ಹೂವೂ ಇದೆ. "ಈಗ ಓಕೆನಾ ಅಕ್ಕ?"

"ನಾಲ್ಕೂ ಟೈರ್ ತೋರ್ಸು ಕಣೋ" ಅಂದೆ.

ಐದು ನಿಮಿಷ ಸುಮ್ಮನಿದ್ದ. ಆಮೇಲೆ ಮೂರು ಫೋಟೋ ಬಂತು. ಹಿಂದಿನ ಎರಡೂ ಸಾಮಾನ್ಯ ಟೈರ್!

ಇದು ಇನ್ನೂ ಅಪಾಯ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಮುಂದಿನ ಚಕ್ರ ರಸ್ತೆ ಕಚ್ಚುತ್ತೆ, ಹಿಂದಿನದು ಜಾರುತ್ತೆ, ಕಾರ್ ಬುಗುರಿ ಥರ ತಿರುಗಿಬಿಡುತ್ತೆ. ಅದಕ್ಕೇ ಹಾಕಿದ್ರೆ ನಾಲ್ಕಕ್ಕೂ ಹಾಕ್ಬೇಕು. ಗೀರಿನ ಆಳ 4 ಮಿಲಿಮೀಟರ್ ಹತ್ರ ಇಳಿದಿದ್ರೆ ಹಿಮಕ್ಕೆ ಅದು ಸಾಲದು. ಚಳಿಗೆ ಗಾಳಿಯ ಒತ್ತಡವೂ ಇಳಿಯುತ್ತೆ, ಸುಮಾರು 5-6 ಡಿಗ್ರಿಗೆ ಒಂದು ಪಿಎಸ್‌ಐ, ಹಾಗಾಗಿ ಆಗಾಗ ಚೆಕ್ ಮಾಡಿಸ್ತಿರಬೇಕು. ಬೇಸಿಗೆ ಬಂದಾಗ ಬಿಚ್ಚಿಡಬೇಕು, ಇಲ್ಲದಿದ್ರೆ ಮೆತ್ತನೆ ರಬ್ಬರ್ ಬೇಗ ಸವೆಯುತ್ತೆ.

ತಮ್ಮ ಆ ಕಾರ್ ತಗೊಳ್ಳಲಿಲ್ಲ. ನಾಲ್ಕು ಟೈರ್‌ಗೆ ದುಡ್ಡು ಕೂಡೋವರೆಗೂ ಮೆಟ್ರೋ, ಬಸ್ಸಲ್ಲೇ ಓಡಾಡ್ತಾನಂತೆ. "ನಾನು ಮೊದಲೇ ಹೇಳಿರ್ಲಿಲ್ವಾ" ಅಂತ ಅಮ್ಮ ಖುಷಿಯಾಗಿದ್ದಾರೆ.

ನಿಮ್ಮ ಮನೆಯಿಂದಲೂ ಯಾರಾದ್ರೂ ಚಳಿ ದೇಶಕ್ಕೆ ಹೊರಟಿದ್ರೆ, ಚಟ್ನಿಪುಡಿ, ಸ್ವೆಟರ್ ಜೊತೆ ಈ ಎಪಿಸೋಡನ್ನೂ ಕಳಿಸಿಕೊಡಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗ್ತೀನಿ. ಹುಷಾರಾಗಿ ಗಾಡಿ ಓಡಿಸಿ, ನಮಸ್ಕಾರ.