ಎಷ್ಟು ದಿನ ಬಂದೀತು?

“ನಮ್ಮವ್ವ ಪಾರ್ಸಲ್ ಕಳಸ್ಯಾಳ, ಬಸ್‌ಸ್ಟ್ಯಾಂಡಿಗೆ ಹೋಗಿ ತಗೊಂಬರಬೇಕು.”

ಜಮಖಂಡಿಯ ಒಂದು ಚಹಾದಂಗಡಿಯಲ್ಲಿ ಕಾಲೇಜು ಹುಡುಗನೊಬ್ಬ ಫೋನಿನಲ್ಲಿ ಹೀಗೆ ಹೇಳುತ್ತಿದ್ದ. ಬೀಳಗಿ ಕಡೆಯ ಮಾತಿನ ಧಾಟಿ. ಪಾರ್ಸಲ್‌ನಲ್ಲಿ ಏನಿದೆ ಎಂಬುದನ್ನೂ ಅವನೇ ಗೆಳೆಯನಿಗೆ ವಿವರಿಸಿದ: ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಲೆ, ಒಂದು ಡಬ್ಬಿ ಕೆನೆಮೊಸರು. ಹೇಳುವಾಗ ಅವನ ಮುಖ ಅರಳಿತ್ತು. ಖುಷಿಯೆಲ್ಲ ಸರಿಯಾಗಿಯೇ ಇತ್ತು, ಹೆಸರೊಂದು ತಪ್ಪಿತ್ತು.

ಪಾರ್ಸಲ್ ಎಂಬ ಮಾತಿನ ಮೇಲೆ ನನಗೆ ಹಗೆಯಿಲ್ಲ, ಅದಕ್ಕೂ ಅದರದೇ ಕೆಲಸವಿದೆ. ರಬಕವಿಯ ಮಗ್ಗಗಳಿಗೆ ಹೊರಗಿನಿಂದ ಬರುವ ಬಿಡಿಭಾಗ ಪಾರ್ಸಲ್, ಅಂಚೆಯಲ್ಲಿ ಬರುವ ಪುಸ್ತಕ ಪಾರ್ಸಲ್. ಹೋಟೆಲಿನ ಇಡ್ಲಿಯೂ ಪಾರ್ಸಲ್ಲೇ. ಯಾರು ತಿನ್ನುತ್ತಾರೆಂಬುದು ಅದನ್ನು ಕಟ್ಟುವವನಿಗೆ ಬೇಕಿಲ್ಲ, ಯಾರು ಕಟ್ಟಿದರೆಂಬುದು ತಿನ್ನುವವನಿಗೂ ಬೇಕಿಲ್ಲ, ಲೆಕ್ಕ ಗಲ್ಲೆಯ ಮೇಲೆ ಮುಗಿದಿರುತ್ತದೆ. ಆದರೆ ಅವ್ವ ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ, ಮೊದಲ ಬಸ್ಸು ತಪ್ಪಬಾರದೆಂದು ಸೆರಗು ಸಿಕ್ಕಿಸಿಕೊಂಡು ಓಡಿಬಂದು ಕೊಟ್ಟುಹೋದದ್ದಕ್ಕೆ ನಮ್ಮಲ್ಲಿ ಬುತ್ತಿ ಎಂಬ ಹೆಸರಿದೆ. ಆ ಮಾತು ಬಾಯಿಯಿಂದ ಜಾರಿಹೋಗುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಶಾಲೆಗೆ ಹೋಗುವ ಮಕ್ಕಳದು ಲಂಚ್ ಬಾಕ್ಸ್ ಆಯಿತು, ಕಚೇರಿಗೆ ಹೋಗುವವರದು ಟಿಫಿನ್ ಆಯಿತು, ಈಗ ಊರಿಂದ ಬರುವುದು ಪಾರ್ಸಲ್ ಆದರೆ ಬುತ್ತಿ ಇನ್ನೆಲ್ಲಿಗೆ ಹೋಗಬೇಕು?

ಬುತ್ತಿಯನ್ನು ಯಾರೂ ಬೇಯಿಸುವುದಿಲ್ಲ ಎಂಬುದನ್ನು ಗಮನಿಸಿ. ರೊಟ್ಟಿ ಬಡಿಯುತ್ತಾರೆ, ಪಲ್ಲೆ ಮಾಡುತ್ತಾರೆ, ಹಿಂಡಿ ಕುಟ್ಟುತ್ತಾರೆ. ಇಷ್ಟೆಲ್ಲ ಆದ ಮೇಲೂ ಅವು ರೊಟ್ಟಿ, ಪಲ್ಲೆ, ಹಿಂಡಿಯಾಗಿಯೇ ಇರುತ್ತವೆ. ಹಳೆಯ ಧೋತರದ ತುಂಡೊಂದನ್ನು ಹಾಸಿ, ಇವನ್ನೆಲ್ಲ ನಡುವೆ ಇಟ್ಟು, “ಇಷ್ಟು ಸಾಕಾದೀತೇನು ಅವಂಗ” ಎಂದು ಒಂದು ಗಳಿಗೆ ತಡೆದು, ಇನ್ನೊಂದು ರೊಟ್ಟಿ ಮೇಲಿಟ್ಟು, ಎದುರುಬದುರಿನ ಸೆರಗು ಕೂಡಿಸಿ ಗಂಟು ಹಾಕಿದಾಗ ಅದು ಬುತ್ತಿ. ಆ ಮೇಲಿನ ಇನ್ನೊಂದು ರೊಟ್ಟಿಯಿಂದಲೇ ಬುತ್ತಿಯಾಗುತ್ತದೆ ಎಂದು ನಾನು ನಂಬಿದ್ದೇನೆ. ಕಟ್ಟು, ಬಿಚ್ಚು, ಹೊರು, ಒಯ್ಯು, ಹಂಚು – ಬುತ್ತಿಯ ಜೊತೆ ಬಾಳುವ ಕ್ರಿಯಾಪದಗಳೆಲ್ಲ ಕೈಯವು, ದಾರಿಯವು. ನಿಘಂಟಿನವರು ಈ ಮಾತಿಗೆ ಏನು ಮೂಲ ಹೇಳುತ್ತಾರೋ ಅದನ್ನು ಅವರಿಗೇ ಬಿಡುತ್ತೇನೆ. ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯೊಳಗೆ ಬುತ್ತಿ, ಎರಡನ್ನೂ ಒಂದೇ ತಲೆಯ ಮೇಲೆ ಹೊತ್ತು ಎರೆಹೊಲದ ಬದುವಿನ ಮೇಲೆ ನಡೆವ ಹೆಣ್ಣುಮಗಳನ್ನು ನೋಡಿದವನಿಗೆ ಆ ಎರಡು ಮಾತು ಒಡಹುಟ್ಟು ಎನ್ನಿಸದೆ ಇರುವುದಿಲ್ಲ. ನನಗಂತೂ ಹಾಗೆಯೇ ಅನ್ನಿಸುತ್ತದೆ, ಬಿಡಲಾರೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ. ಮೈಸೂರು ಕಡೆಯ ಓದುಗರೊಬ್ಬರು ಹಿಂದೊಮ್ಮೆ ಪತ್ರ ಬರೆದಿದ್ದರು. ನಮ್ಮ ಕಡೆಯ ಮದುವೆಯೊಂದರಲ್ಲಿ ಊಟದ ಕೊನೆಗೆ “ಬುತ್ತಿ ಹಾಕಲೇನ್ರಿ?” ಎಂದು ಕೇಳಿದರಂತೆ. ಕಟ್ಟಿಕೊಡುತ್ತಾರೆಂದು ಇವರು ಕೈ ತೊಳೆಯಲು ಎದ್ದರೆ ಎಲೆಗೆ ಬಿದ್ದದ್ದು ಮೊಸರನ್ನ. ಹೌದು, ನಮ್ಮಲ್ಲಿ ಮೊಸರು ಕಲಸಿದ ಅನ್ನಕ್ಕೂ ಬುತ್ತಿ ಎನ್ನುತ್ತೇವೆ. ಒಂದೇ ಮಾತಿಗೆ ಎರಡು ಬಾಳು: ಒಂದು ಗಂಟು, ಒಂದು ಅನ್ನ. ಈ ಎರಡರ ನಡುವಿನ ಅಂತರವನ್ನು ಹಿಡಿದು ಹೊರಟರೆ ಒಂದು ಗಾದೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ.

“ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?”

ಈ ಗಾದೆಯನ್ನು ಕೇಳದ ಕನ್ನಡ ಮಗುವಿಲ್ಲ. ಮಗ್ಗಿ ಮರೆತವನಿಗೆ ಮಾಸ್ತರರು ಹೇಳುತ್ತಾರೆ, ಅಂಗಡಿ ಮುಳುಗಿಸಿದವನಿಗೆ ಮಾವ ಹೇಳುತ್ತಾನೆ. ಹೇಳುವವರೆಲ್ಲ ಅದನ್ನು ಮೂದಲಿಕೆಯಾಗಿಯೇ ಹೇಳುತ್ತಾರೆ: ಬರುವುದಿಲ್ಲ, ಎರಡೂ ಬೇಗ ತೀರಿಹೋಗುತ್ತವೆ, ನಿನ್ನ ಬುದ್ಧಿ ನಿನಗಿರಲಿ ಎಂದು. ನನ್ನ ತಕರಾರು ಇರುವುದು ಇಲ್ಲಿಯೇ. ಈ ಅರ್ಥ ಹುಟ್ಟಿದ್ದು ಬುತ್ತಿಯ ಗಂಟಿನಲ್ಲಿ ಅನ್ನ ಕಟ್ಟುತ್ತಿದ್ದ ನಾಡಿನಲ್ಲಿರಬೇಕು. ಕಲಸಿದ ಅನ್ನ ಬೆಳಗ್ಗೆ ಕಟ್ಟಿದರೆ ಸಂಜೆಗೆ ಹುಳಿ, ಮರುದಿನಕ್ಕೆ ಹಳಸಲು. ಅಂಥ ಬುತ್ತಿ ಕಂಡವರು “ಎಷ್ಟು ದಿನ ಬಂದೀತು” ಎಂದು ಮೂಗು ಮುರಿದಿದ್ದರೆ ಸಹಜವೇ. ಆದರೆ ಗಾದೆ ಘಟಪ್ರಭೆ ದಾಟಿ ಜೋಳದ ನಾಡಿಗೆ ಬಂದಾಗ ಅದರ ಅರ್ಥವೇ ಬದಲಾಗಬೇಕಿತ್ತು. ಮುಧೋಳ, ಬೀಳಗಿಯ ಕರಿಮಣ್ಣಿನಲ್ಲಿ ಹಿಂಗಾರಿಗೆ ಬೆಳೆವ ಬಿಳಿಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನಿಂದ ತೆಗೆದು, ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡಿದರೆ ತಿಂಗಳು ಕಳೆದರೂ ಅದು ಕೆಡುವುದಿಲ್ಲ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ನೀರಿನ ಕೈ ತಾಗದಿದ್ದರೆ ಅಷ್ಟೇ ದಿನ ಬಾಳುತ್ತವೆ. ಶೇಂಗಾದ ಹೋಳಿಗೆ ವಾರ ಮೀರಿ ಬರುತ್ತದೆ. ಕೆಂಪುಖಾರಕ್ಕಂತೂ ವರ್ಷವೂ ಲೆಕ್ಕವಲ್ಲ. ಇಂಥ ನಾಡಿನಲ್ಲಿ “ಎಷ್ಟು ದಿನ ಬಂದೀತು?” ಎಂದು ಕೇಳುವುದು ಬುತ್ತಿ ಕಟ್ಟುವವಳೇ, ಕೇಳುವುದು ತನಗೆ ತಾನೇ. ಮೂದಲಿಕೆ ಅದರಲ್ಲಿಲ್ಲ. ಉತ್ತರ ಬೇಕಾದ ಪ್ರಶ್ನೆ ಅದು.

ಆ ಪ್ರಶ್ನೆಯ ಉತ್ತರವನ್ನು ನಾನು ಧಾರವಾಡದಲ್ಲಿ ಓದುವಾಗ ಕಣ್ಣಾರೆ ಕಂಡಿದ್ದೇನೆ. ಜಮಖಂಡಿಯಿಂದ ಮುಧೋಳ, ಲೋಕಾಪುರ ದಾಟಿ ಬರುವ ಕೆಂಪು ಬಸ್ಸಿನಲ್ಲಿ ನಮ್ಮ ಬುತ್ತಿ ಬರುತ್ತಿತ್ತು. ಡ್ರೈವರನ ಎಡಕ್ಕೆ, ಎಂಜಿನ್ ಮುಚ್ಚಳದ ಪಕ್ಕದಲ್ಲಿ ಚೀಲಗಳ ಸಾಲು. ಒಂದೊಂದರ ಕಿವಿಗೂ ರಟ್ಟಿನ ಚೂರು, ಅದರ ಮೇಲೆ ಪೆನ್ಸಿಲಿನಲ್ಲಿ ಹೆಸರು. ಬಸ್ಸು ನಿಂತ ಕೂಡಲೇ ಹುಡುಗರೆಲ್ಲ ಬಾಗಿಲಿಗೆ ಮುತ್ತುತ್ತಿದ್ದೆವು. ಕಂಡಕ್ಟರು ಹೆಸರು ಓದಿ ಚೀಲ ಕೊಡುತ್ತ, “ಮೊಸರಿನ ಡಬ್ಬಿ ಐತಿ, ಸೊಟ್ಟ ಹಿಡೀಬ್ಯಾಡ,” “ನಿಮ್ಮವ್ವಗ ಕಾಲು ಬ್ಯಾನಿ ಕಡಿಮಿ ಆಗೇತಂತ ಹೇಳಂದಾಳ” ಎಂದು ಸುದ್ದಿಯನ್ನೂ ಸೇರಿಸುತ್ತಿದ್ದರು. ಟಿಕೆಟ್ಟಿಲ್ಲ, ರಸೀದಿಯಿಲ್ಲ. ಅಷ್ಟು ದೂರದ ಧೂಳಿನ ದಾರಿಯಲ್ಲಿ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ಯಾರದೋ ಮಗನ ಮೊಸರು ಚೆಲ್ಲದಂತೆ ಕಾಯ್ದು ತಂದ ಆ ಚಾಲಕ-ನಿರ್ವಾಹಕರಿಗೆ ಉತ್ತರ ಕರ್ನಾಟಕದ ಎಷ್ಟು ಪದವಿಗಳು ಋಣಿಯಾಗಿವೆ!

ಬುತ್ತಿಯನ್ನು ಬಿಚ್ಚಿದರೆ ಅದರೊಳಗೆ ಒಂದು ಪಂಚಾಂಗವೇ ಇರುತ್ತಿತ್ತು. ಎಲ್ಲಕ್ಕಿಂತ ಮೇಲೆ ಅಂದೇ ತಿನ್ನಬೇಕಾದದ್ದು: ಮೆತ್ತನೆಯ ರೊಟ್ಟಿ, ಎಣ್ಣೆಗಾಯಿ, ಮೊಸರು. ಅದರ ಕೆಳಗೆ ನಾಳೆಯದು: ಗಟ್ಟಿಯಾಗಿ ಹುರಿದ ಝುಣಕ, ಎಣ್ಣೆ ಮುಂದಾಗಿ ಹಾಕಿ ಮಾಡಿದ ಪುಂಡಿಪಲ್ಲೆ. ಅದರ ಕೆಳಗೆ ವಾರದ್ದು, ಹೋಳಿಗೆ ಇಲ್ಲವೆ ಉಂಡಿ. ತಳದಲ್ಲಿ, ಹಾಳೆಯಲ್ಲಿ ಸುತ್ತಿ, ಖಡಕ್ ರೊಟ್ಟಿಯ ಒಟ್ಟು ಮತ್ತು ಹಿಂಡಿಯ ಪೊಟ್ಟಣ. ಅಕ್ಷರ ಬಾರದ ಅವ್ವ ಮಗನ ಮುಂದಿನ ದಿನಗಳನ್ನು ಒಂದರ ಮೇಲೊಂದು ಜೋಡಿಸಿ ಕಳಿಸುತ್ತಿದ್ದಳು. ಎಷ್ಟು ದಿನ ಬಂದೀತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಣೆಯಲ್ಲಿ ನಾಲ್ಕು ಹುಡುಗರು ಇರುತ್ತಾರೆಂಬುದೂ ಗೊತ್ತಿತ್ತು. ಯಾರ ಬುತ್ತಿಯೂ ಒಬ್ಬನ ಬುತ್ತಿಯಾಗಿರಲಿಲ್ಲ. ಸವದತ್ತಿಯವನ ಅವ್ವನ ಉಪ್ಪಿನಕಾಯಿ, ನರಗುಂದದವನ ಅಜ್ಜಿಯ ಮಾದಲಿ, ನಮ್ಮ ಮನೆಯ ಹಿಂಡಿ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಹಸಿ ಶೇಂಗಾದೆಣ್ಣೆ ಸುರಿದುಕೊಂಡು, ನೆಲದ ಮೇಲೆ ಹಾಳೆ ಹಾಸಿ ಕುಳಿತು ಉಂಡ ಆ ಊಟದ ಮುಂದೆ ಆಮೇಲೆ ಉಂಡ ಯಾವ ದೊಡ್ಡ ಊಟವೂ ನಿಂತಿಲ್ಲ. ಬಡತನದ ದಿನಗಳು ಹೌದು. ಅವುಗಳಷ್ಟು ತುಂಬಿದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ.

ಗಾದೆಯ ಇನ್ನರ್ಧ ಉಳಿಯಿತು: ಹೇಳಿಕೊಟ್ಟ ಮಾತು. ಇದಕ್ಕೂ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನ ಸಂಗತಿ ನೋಡಿ. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊರಬೇಕಾದ ಹುಡುಗ ಓದಿನ ಹಸಿವಿನಿಂದ ಮನೆ ಬಿಟ್ಟು ದೂರ ನಡೆದ, ಅಜಿತಸೇನಾಚಾರ್ಯರ ಬಳಿ ಕಲಿತ, ಚಾವುಂಡರಾಯನ ಆಶ್ರಯ ಪಡೆದ. ಹೊರಡುವಾಗ ಅಬ್ಬಲಬ್ಬೆ ಬುತ್ತಿ ಕಟ್ಟಿರಲೇಬೇಕು, ಕಟ್ಟದೆ ಯಾವ ತಾಯಿ ಕಳಿಸುತ್ತಾಳೆ? ಅವನಿಗೆ ಹೇಳಿಕೊಟ್ಟ ಮಾತು ಸಾವಿರ ವರ್ಷ ದಾಟಿ ಬಂದಿದೆ, ‘ಗದಾಯುದ್ಧ’ವಾಗಿ ಇಂದಿಗೂ ತರಗತಿಗಳಲ್ಲಿ ಓದಿಸಿಕೊಳ್ಳುತ್ತಿದೆ. ಇನ್ನೂ ಒಂದು ವಿಷಯವನ್ನು ನಮ್ಮ ಮಾಸ್ತರರು ಗಾದೆಯ ಪಕ್ಕದಲ್ಲಿಟ್ಟು ಹೇಳಬೇಕು. ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಚಾವುಂಡರಾಯ, ದಾನಚಿಂತಾಮಣಿ ಅತ್ತಿಮಬ್ಬೆ – ತನ್ನನ್ನು ಪೊರೆದ ಇಬ್ಬರನ್ನೂ ದಿನಕ್ಕೆ ಹತ್ತು ಸಲ ಕೂಗಿ ಕರೆಯುವಂತೆ ಮನೆಯೊಳಗೇ ಇಟ್ಟುಕೊಂಡ. ಪರರ ಅಂತಃಕರಣವನ್ನು ಹೀಗೆ ನೆನೆದ ಕವಿ ನಮ್ಮ ಊರಿನವನು ಎನ್ನುವಾಗ ನನಗೆ ಅವನ ಪದ್ಯಗಳಿಗಿಂತ ಒಂದು ಹಿಡಿ ಹೆಚ್ಚೇ ಹೆಮ್ಮೆ.

ಬುತ್ತಿ ಕಟ್ಟಲು ಉಣ್ಣುವವರ ಗುರುತು ಬೇಕೇ? ಬೇಕಿಲ್ಲ ಎಂಬುದನ್ನು 2019ರ ಆಗಸ್ಟ್ ತೋರಿಸಿಕೊಟ್ಟಿತು. ಕೃಷ್ಣೆ, ಘಟಪ್ರಭೆ ಎರಡೂ ದಂಡೆ ಮೀರಿದವು. ಜಮಖಂಡಿ, ರಬಕವಿ-ಬನಹಟ್ಟಿಯ ನದಿದಂಡೆಯ ಹಳ್ಳಿಗಳು ನೀರಲ್ಲಿ ನಿಂತವು, ಮುಧೋಳದ ಓಣಿಗಳಿಗೂ ನೀರು ನುಗ್ಗಿತು, ಜನ ದನಕರುಗಳೊಡನೆ ಶಾಲೆಗಳಲ್ಲಿ, ಎತ್ತರದ ಜಾಗಗಳಲ್ಲಿ ಕುಳಿತರು. ಆಗ ನೀರು ತಲುಪದ ಊರುಗಳಲ್ಲಿ ಮನೆಮನೆಯಲ್ಲಿ ರೊಟ್ಟಿ ಬಡಿದರು, ಓಣಿಯ ಹೆಣ್ಣುಮಕ್ಕಳು ಒಂದೆಡೆ ಕೂಡಿ ಬಡಿದರು. ಅಕ್ಕಪಕ್ಕದ ಜಿಲ್ಲೆಗಳಿಂದಲೂ ಚೀಲಗಟ್ಟಲೆ ಖಡಕ್ ರೊಟ್ಟಿ, ಹಿಂಡಿ ವಾಹನಗಳಲ್ಲಿ ಬಂದವು. ಅವುಗಳ ಮೇಲೆ ಹೆಸರು ಬರೆದ ರಟ್ಟಿನ ಚೂರು ಇರಲಿಲ್ಲ. ಸುದ್ದಿ ಬರೆದವರು ಅದನ್ನು “ಆಹಾರ ಸಾಮಗ್ರಿ” ಎಂದು ಕರೆದರು. ನೋಂದಣಿ ಪುಸ್ತಕಕ್ಕೆ ಆ ಮಾತು ಸರಿ. ಆದರೆ ಒಂದು ಮನೆಯವಳು ಕುಳಿತು, “ಪಾಪ, ಮಳ್ಯಾಗ ಮಕ್ಕಳು ಏನ ಉಂಡಾವೊ” ಎಂದು ಒಟ್ಟಿನ ಮೇಲೆ ಇನ್ನೆರಡು ರೊಟ್ಟಿ ಏರಿಸಿ ಕಟ್ಟಿದ್ದು ಬುತ್ತಿಯೇ. ಅದನ್ನು ಆ ಹೆಸರಿನಿಂದ ಕರೆದಿದ್ದರೆ ತಿನ್ನುವವರಿಗೆ ಸಂತ್ರಸ್ತರೆಂಬ ಹಣೆಪಟ್ಟಿಯ ಭಾರ ಸ್ವಲ್ಪ ಕಡಿಮೆಯಾಗುತ್ತಿತ್ತು. ಸಾಮಗ್ರಿ ಬರುವುದು ಸಂತ್ರಸ್ತರಿಗೆ, ಬುತ್ತಿ ಬರುವುದು ಮನೆಯ ಮಗನಿಗೆ, ಮಗಳಿಗೆ.

ಗುರುತು ಕೇಳದೆ ಉಣಿಸುವುದು ನೆರೆ ಬಂದಾಗ ಮಾತ್ರವಲ್ಲ. ಪ್ರತಿವರ್ಷ ಹೋಳಿಯ ಆಸುಪಾಸಿಗೆ ಇದೇ ಊರುಗಳಿಂದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಯುಗಾದಿಯ ಹೊತ್ತಿಗೆ ನಲ್ಲಮಲದ ಕಾಡು ದಾಟಿ ಮಲ್ಲಯ್ಯನನ್ನು ಮುಟ್ಟಬೇಕು. ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಯ್ಯ ಅಳಿಯ ಎಂಬುದು ಅವರ ನಂಬಿಕೆ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವವರುಂಟೇ? ಹೆಗಲಲ್ಲಿ ಬುತ್ತಿ ಇದ್ದೇ ಇರುತ್ತದೆ. ಅದನ್ನು ಬಿಚ್ಚಲು ದಾರಿಯ ಊರಿನವರು ಬಿಡಬೇಕಲ್ಲ! ಬಿಸಿಲಿಗೆ ಮಜ್ಜಿಗೆ, ಸಂಜೆಗೆ ಬಿಸಿ ಊಟ, ಗುಳ್ಳೆ ಎದ್ದ ಪಾದಗಳಿಗೆ ಬಿಸಿನೀರು, ಎಣ್ಣೆ. ಹೆಸರು ಕೇಳುವುದಿಲ್ಲ, ಊರು ಕೇಳಿದರೂ ಮಾತಿಗೆಂದು ಕೇಳುತ್ತಾರೆ. ಅಪರಿಚಿತರ ಕಾಲು ತಿಕ್ಕಿದ ಕೈಗಳ ಮಾತು ಕನ್ನಡವೋ ತೆಲುಗೋ, ನಡೆವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಬುತ್ತಿಯ ಬಗ್ಗೆ ಇಷ್ಟು ಬರೆದು, ಮರಳುವ ಡಬ್ಬಿಯ ಮಾತು ಬಿಟ್ಟರೆ ನಮ್ಮ ಕಡೆಯ ಹೆಣ್ಣುಮಕ್ಕಳು ಒಪ್ಪಲಿಕ್ಕಿಲ್ಲ. ಬುತ್ತಿ ಬಂದ ಡಬ್ಬಿಯನ್ನು ಬರಿದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತೊಳೆದು, ಒರೆಸಿ, ಒಳಗೆ ಏನಾದರೊಂದು ಹಾಕಿಯೇ ಕೊಡಬೇಕು. ಮಹಾಲಿಂಗಪುರದ ಪೇಟೆಯಿಂದ ತಂದ ಬೆಲ್ಲದ ಒಂದು ಚೂರು, ಒಂದು ಚಮಚೆ ಸಕ್ಕರೆ, ಒಂದು ಹಿಡಿ ಜೋಳ, ಪಂಚಮಿ ಹತ್ತಿರವಿದ್ದರೆ ಒಂದು ಉಂಡಿ. ಅದಕ್ಕೆ ಬೆಲೆ ಕಟ್ಟುವಂತಿಲ್ಲ, ಬೇಡ ಎನ್ನುವಂತಿಲ್ಲ. ನಮ್ಮ ಓಣಿಯಲ್ಲಿ ನೇಕಾರರ ಮನೆಯ ಮುದುಕಿಯೊಬ್ಬಳಿದ್ದಳು, ಹಗಲೆಲ್ಲ ಕಂಡಕಿ ಸುತ್ತುವವಳು. ಮನೆಯಲ್ಲಿ ಬೆಲ್ಲವೂ ಇಲ್ಲದ ದಿನ ಡಬ್ಬಿಯೊಳಗೆ ಒಂದು ಉಳ್ಳಾಗಡ್ಡಿ ಹಾಕಿ ಕೊಡುತ್ತಿದ್ದಳು. ಯಾಕಜ್ಜಿ ಎಂದರೆ “ಇರಲಿ, ಒಯ್ಯಿ” ಎನ್ನುತ್ತಿದ್ದಳು. ನಮ್ಮವ್ವ ಅದನ್ನು ಅಂದಿನ ಸಾರಿಗೇ ಹೆಚ್ಚಿ ಹಾಕುತ್ತಿದ್ದಳು.