ಗಣಕಯಂತ್ರದ ಲೆಕ್ಕದಲ್ಲಿ ‘ಏಳು ದಿನ’ ಎಂದರೆ ಎಷ್ಟು?

ಸರ್ಕಾರಿ ಸೇವೆಗೆ ಅರ್ಜಿ ಸಲ್ಲಿಸಿದವರ ಮೊದಲ ಪ್ರಶ್ನೆ ‘ಎಷ್ಟು ದಿನ ಬೇಕು?’ ಎಂಬುದು. 2011ರ ಸೇವಾ ಖಾತರಿ ಅಧಿನಿಯಮದ ಅಡಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆ ಈ ಪ್ರಶ್ನೆಗೆ ಕಾನೂನಿನ ಉತ್ತರ ನೀಡಿತು. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕು. ಹೀಗಾಗಿ ಕಾಲಾವಧಿಯ ಎಣಿಕೆಯಲ್ಲಿ ತಂತ್ರಾಂಶ ತಪ್ಪಿದರೆ ಅದು ಹಣದ ಹಾಗೂ ಹೊಣೆಯ ಪ್ರಶ್ನೆಯಾಗುತ್ತದೆ.

ಸೆಕೆಂಡುಗಳ ಎಣಿಕೆ

ಬಹುಪಾಲು ಗಣಕಯಂತ್ರಗಳು ಕಾಲವನ್ನು ಒಂದೇ ಸಂಖ್ಯೆಯಾಗಿ ಇರಿಸಿಕೊಳ್ಳುತ್ತವೆ. ಯುನಿಕ್ಸ್ ಪದ್ಧತಿಯಲ್ಲಿ ಈ ಎಣಿಕೆ 1970ರ ಜನವರಿ 1ರಿಂದ, ಜಾಗತಿಕ ಪ್ರಮಾಣ ಸಮಯದಂತೆ ಆರಂಭವಾಗುತ್ತದೆ. ಎರಡು ಕ್ಷಣಗಳ ಅಂತರ ಬೇಕಾದರೆ ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದರಾಯಿತು. ಬಂದ ಉತ್ತರವನ್ನು 60ರಿಂದ ಭಾಗಿಸಿದರೆ ನಿಮಿಷ, 3,600ರಿಂದ ಭಾಗಿಸಿದರೆ ಗಂಟೆ, 86,400ರಿಂದ ಭಾಗಿಸಿದರೆ ದಿನ. ತಿಂಗಳಿಗೆ ಮಾತ್ರ ಇಂಥ ಸ್ಥಿರ ಭಾಜಕವಿಲ್ಲ. ಅದು 28ರಿಂದ 31 ದಿನಗಳವರೆಗೆ ಬದಲಾಗುತ್ತದೆ.

ಕಾನೂನಿನ ದಿನ ಬೇರೆ

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ನೆಲೋಗಿಯ ರೈತರೊಬ್ಬರು 7 ಕೆಲಸದ ದಿನಗಳ ಗಡುವಿನ ಸೇವೆಯೊಂದಕ್ಕೆ 2024ರ ಮಾರ್ಚ್ 7, ಗುರುವಾರ ಅರ್ಜಿ ಸಲ್ಲಿಸಿದರು ಎಂದುಕೊಳ್ಳೋಣ. ಏಳು ದಿನಗಳಿಗೆ 6,04,800 ಸೆಕೆಂಡುಗಳನ್ನು ಕೂಡಿಸುವ ತಂತ್ರಾಂಶದ ಪ್ರಕಾರ ಗಡುವು ಮಾರ್ಚ್ 14ಕ್ಕೆ ಮುಗಿಯುತ್ತದೆ. ಆದರೆ 8ರಂದು ಮಹಾಶಿವರಾತ್ರಿ, 9ರಂದು ಎರಡನೇ ಶನಿವಾರ, 10 ಮತ್ತು 17ರಂದು ಭಾನುವಾರ. ಅರ್ಜಿ ಕೊಟ್ಟ ದಿನವನ್ನು ಬಿಟ್ಟು ಎಣಿಸಿದರೆ ಏಳನೇ ಕೆಲಸದ ದಿನ ಬರುವುದು ಮಾರ್ಚ್ 18ರಂದು. ನಾಲ್ಕು ದಿನಗಳ ಈ ವ್ಯತ್ಯಾಸದಿಂದ, ತಪ್ಪು ಮಾಡದ ಅಧಿಕಾರಿಯ ಮೇಲೆ 80 ರೂಪಾಯಿ ವಿಳಂಬದ ಹೊಣೆ ಬೀಳಬಹುದು.

ರಜೆಯ ನಿಯಮಗಳೂ ಸ್ಥಿರವಲ್ಲ. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೇ ಶನಿವಾರವನ್ನೂ ರಜೆಯೆಂದು ಘೋಷಿಸಿತು. ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳ ಸ್ಥಳೀಯ ರಜೆ ಕೊಡಗು ಜಿಲ್ಲೆಗೆ ಮಾತ್ರ ಸೀಮಿತ. ಆದ್ದರಿಂದ ಒಂದೇ ದಿನ ಸಲ್ಲಿಕೆಯಾದ ಅರ್ಜಿಗಳಿಗೆ ನೆಲೋಗಿಯಲ್ಲಿ ಒಂದು, ಮಡಿಕೇರಿಯಲ್ಲಿ ಇನ್ನೊಂದು ಗಡುವು ಬರುವುದು ಸಾಧ್ಯ.

ಐದೂವರೆ ಗಂಟೆಯ ಅಂತರ

ಭಾರತೀಯ ಕಾಲಮಾನವು ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ, ಅಂದರೆ 19,800 ಸೆಕೆಂಡು ಮುಂದಿದೆ. ಬೆಳಗಿನ ಜಾವ 4 ಗಂಟೆಗೆ ಆನ್‌ಲೈನ್‌ನಲ್ಲಿ ಸಲ್ಲಿಸಿದ ಅರ್ಜಿಗೆ ಜಾಗತಿಕ ಸಮಯದಲ್ಲಿ ಹಿಂದಿನ ದಿನದ ರಾತ್ರಿ 10.30 ಆಗಿರುತ್ತದೆ. ಪರಿವರ್ತನೆ ಮಾಡದೆ ದಿನಾಂಕ ನಮೂದಿಸಿದರೆ ಎಣಿಕೆ ಒಂದು ದಿನ ಮೊದಲೇ ಆರಂಭವಾದೀತು.

32 ಬಿಟ್‌ಗಳಲ್ಲಿ ಕಾಲ ದಾಖಲಿಸುವ ಹಳೆಯ ವ್ಯವಸ್ಥೆಗಳಿಗೆ ಮತ್ತೊಂದು ಮಿತಿಯಿದೆ. 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅವುಗಳ ಎಣಿಕೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಅನಂತರ ಸಂಖ್ಯೆ ಋಣಾತ್ಮಕವಾಗಿ, ದಿನಾಂಕ 1901ಕ್ಕೆ ಜಾರುತ್ತದೆ.

ಪಾಲಿಸಬೇಕಾದ ಕ್ರಮ

ಘಟನೆ ನಡೆದ ಕ್ಷಣವನ್ನು ಜಾಗತಿಕ ಸಮಯದಲ್ಲಿ ದಾಖಲಿಸಿ, ತೋರಿಸುವಾಗ ಮತ್ತು ದಿನ ಎಣಿಸುವಾಗ ಸ್ಥಳೀಯ ಸಮಯಕ್ಕೆ ಪರಿವರ್ತಿಸುವುದು ಸರಿಯಾದ ಕ್ರಮ. ಕಾನೂನಿನ ಗಡುವನ್ನು ಸೆಕೆಂಡುಗಳಿಂದಲ್ಲ, ಪಂಚಾಂಗದ ದಿನಗಳಿಂದ ಎಣಿಸಬೇಕು. ರಜಾ ಪಟ್ಟಿಯನ್ನು ತಂತ್ರಾಂಶದೊಳಗೆ ಹುದುಗಿಸದೆ ಪ್ರತ್ಯೇಕವಾಗಿರಿಸಿ ಪ್ರತಿವರ್ಷ ಪರಿಷ್ಕರಿಸಬೇಕು. ನಾಗರಿಕರು ಸ್ವೀಕೃತಿ ಪತ್ರದಲ್ಲಿನ ದಿನಾಂಕವನ್ನು ರಜಾ ಪಟ್ಟಿಯೊಂದಿಗೆ ತಾಳೆ ನೋಡಿದರೆ ಗಡುವನ್ನು ತಾವೇ ಪರಿಶೀಲಿಸಿಕೊಳ್ಳಬಹುದು.