ಮುದ್ರಿಕೆ: ಅರಗಿನಿಂದ ಅಂಕಿಯವರೆಗೆ

'ಧ್ವನಿಮುದ್ರಿಕೆ' ಎಂದೊಡನೆ ನಾವು ಧ್ವನಿಗೆ ಕಿವಿಗೊಟ್ಟು ಮುದ್ರಿಕೆಯನ್ನು ದಾಟಿಬಿಡುತ್ತೇವೆ. ಆ ಸಮಾಸದ ದೀರ್ಘಾಯುಷ್ಯವೆಲ್ಲ ಅಡಗಿರುವುದು ಉತ್ತರಪದದಲ್ಲಿ. ಮುದ್ರೆ ಎಂದರೆ ಒತ್ತಿದ ಗುರುತು. ಮುದ್ರಿಕೆ ಎಂದರೆ ಆ ಗುರುತನ್ನು ಒತ್ತುವ ಉಂಗುರ. ಹನುಮಂತ ಸೀತೆಗೆ ತಂದುಕೊಟ್ಟದ್ದು ಅದು, ವಿಶಾಖದತ್ತನ ನಾಟಕದಲ್ಲಿ ಅಮಾತ್ಯ ರಾಕ್ಷಸನನ್ನು ಸಿಕ್ಕಿಸಿ 1823ರಲ್ಲಿ ಕೆಂಪುನಾರಾಯಣನ 'ಮುದ್ರಾಮಂಜೂಷ'ದೊಳಗೆ ಕನ್ನಡ ಗದ್ಯಕ್ಕೆ ಇಳಿದದ್ದೂ ಅದೇ. ಮುದ್ರೆ ಬಿದ್ದ ಮೇಲೆ ತೆರೆಯುವಂತಿಲ್ಲವಾದ್ದರಿಂದ ಸಂಸ್ಕೃತ ಕಾವ್ಯದಲ್ಲಿ ಮುಚ್ಚಿದ ಕಣ್ಣೂ ಮುಗಿದ ತಾವರೆಯೂ 'ಮುದ್ರಿತ'. ಆಮೇಲೆ ಮಾಧ್ವರ ತೋಳಿನ ತಪ್ತಮುದ್ರೆ, ನರ್ತಕಿಯ ಹಸ್ತಮುದ್ರೆ, ಯೋಗಿಯ ಖೇಚರೀಮುದ್ರೆ, ಕಚೇರಿಯ ಮುದ್ರಾಂಕ. ವಚನದ ಕೊನೆಯ ಕೂಡಲಸಂಗಮದೇವ, ಕೀರ್ತನೆಯ ಕೊನೆಯ ಪುರಂದರ ವಿಠಲ ಕೂಡ ಮುದ್ರಿಕೆಯೇ, ಅರ್ಥಾತ್ ಅಂಕಿತ.

ಅಚ್ಚುಕೂಟಗಳಿಗೆ ಹೆಸರಾದ ಗದಗ-ಬೆಟಗೇರಿಯ ಸೀಮೆಯಲ್ಲಿ ಮುದ್ರಣವೆಂದರೆ ಮೊದಲು ಕಾಗದವೇ ನೆನಪಾಗಬೇಕು. ಆದರೆ ಅದೇ ಗದಗ ವೀರೇಶ್ವರ ಪುಣ್ಯಾಶ್ರಮದ ಊರು, ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಊರು, 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದ ಸೀಮೆ; ಇಲ್ಲಿ ಮುದ್ರಣವೆಂದರೆ ಹಾಡೂ ನೆನಪಾಗುತ್ತದೆ. ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಕಡೆ ಆಡುಮಾತಿಗೆ 'ಧ್ವನಿಮುದ್ರಿಕೆ' ಎಂಬ ತತ್ಸಮದ ಭಾರ ಬೇಕಿಲ್ಲ, 'ಪ್ಲೇಟ್ ಹಚ್ಚು' ಎಂದರೆ ಸಾಕು. ದೀಪಕ್ಕೂ ರೇಡಿಯೋಕ್ಕೂ ಹಾಡಿಗೂ ಒಂದೇ ಹಚ್ಚುವಿಕೆ.

ನನಗೆ ಅತ್ಯಂತ ಪ್ರಿಯವಾದ ಸಂಗತಿ ಆ ಪ್ಲೇಟಿನ ದ್ರವ್ಯ. 78 ಸುತ್ತಿನ ತಟ್ಟೆಯ ಪುಡಿಯನ್ನು ಹಿಡಿದಿಡುತ್ತಿದ್ದುದು ಷೆಲ್ಯಾಕ್, ಅಂದರೆ ನಮ್ಮ ಅರಗು: ಪಾಂಡವರಿಗೆ ಮನೆಯಾದದ್ದು, ಲಕೋಟೆಯ ಮೇಲೆ ಮೊಹರನ್ನು ಹೊತ್ತದ್ದು. ಅರಗಿಗೆ ಒತ್ತುತ್ತಿದ್ದ ಮುದ್ರಿಕೆ ಹೀಗೆ ಮತ್ತೆ ಅರಗಿಗೇ ಬಂದು, ಹತ್ತಿಂಚಿನ ಒಂದು ಬದಿಯಲ್ಲಿ ಮೂರು ನಿಮಿಷದಷ್ಟು ರಾಗವನ್ನು ಒತ್ತಿತು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕೊಳವೆಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರಲ್ಲ, ಅದು ದಾಸರ ಅಂಕಿತದ ಹಾದಿಯಲ್ಲೇ ಬಿದ್ದ ಧ್ವನಿಯ ಮುದ್ರೆ.

ಈಗ ಅಂಕಿತದ 'ಅಂಕ'ವೇ ಅಂಕಿಯಾಗಿ ಹಾಡು ಅಂಕಿಗಳ ಕಡತವಾಗಿದೆ. 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್ ಎಂಬ 'ಹೈ-ರೆಸ್' ಕಡತವನ್ನು ಹೆಚ್ಚು ಬೆಲೆಗೆ ಇಳಿಸಿಕೊಳ್ಳಬೇಕೇ ಎಂದು ಸ್ನೇಹಿತರು ಕೇಳುತ್ತಾರೆ. ಉತ್ತರ ನಮ್ಮ ಪದದೊಳಗೇ ಇದೆ: ಮುದ್ರೆಯಲ್ಲಿ ಇಲ್ಲದ ಗೆರೆ ಅಚ್ಚಿನಲ್ಲಿ ಮೂಡದು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಿಂದ ಕೊಟ್ಟ ತಟ್ಟೆಗಳ ನಾದವ್ಯಾಪ್ತಿ ಸಿಡಿಯ ಹರವಿಗಿಂತ ಬಹಳ ಕಿರಿದು. 16 ಬಿಟ್, 44.1 ಕಿಲೋಹರ್ಟ್ಸ್‌ನ ಸಿಡಿಯಾದರೂ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ನಾದವನ್ನು ಹಿಡಿಯುತ್ತದೆ, ಎಳೆಯ ಕಿವಿಯ ಮಿತಿಯೇ 20 ಕಿಲೋಹರ್ಟ್ಸ್ ಆಸುಪಾಸು; ಸದ್ದಿನ ಏರಿಳಿತಕ್ಕೂ ಅದು 96 ಡೆಸಿಬೆಲ್‌ನಷ್ಟು ಎಡೆ ಕೊಡುತ್ತದೆ. 24 ಬಿಟ್ ಬೇಕಾದದ್ದು ಮುದ್ರಿಸುವವರಿಗೆ, ತಿದ್ದುವವರಿಗೆ. ಅಲ್ಲಿ ಅದು ನಿಜವಾದ ವರ. ಕೇಳುವವರು ಏರಲೇಬೇಕಾದ ಮೆಟ್ಟಿಲು ಬೇರೆ: ಕಡಿಮೆ ಬಿಟ್‌ರೇಟಿನ ಎಂಪಿತ್ರೀಯಿಂದ ನಷ್ಟವಿಲ್ಲದ ಫ್ಲ್ಯಾಕ್‌ಗೆ. ತಂಬೂರಿಯ ಜವಾರಿ, ಅದರ ಮೇಲೆ ಮೇಲೆ ಏಳುವ ಅನುರಣನ, ಹಿಂಡಿದ ಎಂಪಿತ್ರೀ ಕಡತದಲ್ಲಿ ನಿಜಕ್ಕೂ ಕಲಸಿಹೋಗುತ್ತದೆ. ಅದನ್ನು ಕಳೆದುಕೊಂಡು ಗಂಗೂಬಾಯಿ, ಭೀಮಸೇನರ ಕಿರಾಣಾ ಘರಾಣೆಯ ಗಾಯನ ಕೇಳುವುದನ್ನು ನಾನು ಸಹಿಸಲಾರೆ.

ಹಾಗಾದರೆ ಹೈ-ರೆಸ್ ಎಂದು ಮಾರುವ ಕೆಲವು ಕಡತಗಳು ಹೆಚ್ಚು ಇಂಪಾಗಿ ಕೇಳುವುದೇಕೆ? ಮೂಲ ಟೇಪನ್ನು ಹುಡುಕಿ ತೆಗೆದು, ಸದ್ದನ್ನು ಅನಗತ್ಯವಾಗಿ ಉಬ್ಬಿಸದೆ, ಜತನದಿಂದ ಮರುಮುದ್ರಿಸಿದ್ದರಿಂದ. ಅದೇ ಮರುಮುದ್ರಣವನ್ನು ಸಿಡಿಯ ಅಳತೆಗೆ ಇಳಿಸಿದರೂ ಆ ಇಂಪು ಉಳಿಯುತ್ತದೆ. ಭೀಮಸೇನರ ದಾಸವಾಣಿಯನ್ನು ಕೊಳ್ಳುವಾಗ ನಾವು ವಿಚಾರಿಸಬೇಕಾದದ್ದು ಕಿಲೋಹರ್ಟ್ಸನ್ನಲ್ಲ, ಯಾವ ಟೇಪಿನಿಂದ, ಯಾರ ಕೈಯಿಂದ ಎಂಬುದನ್ನು.